ಬರೀ ರಿಂಗ್ಸ್ ಅಷ್ಟೇ, ಭಾವ

ಬಲಗೈ ಮಣಿಕಟ್ಟು ಊದಿಕೊಂಡಿದೆ. ಎಡಗೈ ಹೆಬ್ಬೆರಳಲ್ಲಿ ಟೈಪ್ ಮಾಡ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ. ಇದಕ್ಕೆಲ್ಲ ಕಾರಣ ಕುಶಾಲನಗರದ ಕಡೆಯ ಒಂದು ಗುಜರಿ ಅಂಗಡಿ, ಅಲ್ಲಿದ್ದ ಐದು ಎಚ್‌ಪಿ ಡೀಸೆಲ್ ಇಂಜಿನ್ ಮತ್ತು ನನ್ನ ಹೆಂಡತಿಯ ಅಣ್ಣ.

ಫೆಬ್ರವರಿ ಬಂತಂದ್ರೆ ರೋಬಸ್ಟಾ ಕಾಫಿ ತೋಟ ಇಟ್ಟುಕೊಂಡವರ ಗೋಳು ನಿಮಗೆ ಗೊತ್ತೇ ಇದೆ. ಹೂಮಳೆ, ಅಂದ್ರೆ ಕಾಫಿ ಹೂ ಅರಳಿಸುವ ಮಳೆ, ಕಾದು ಕೂತವರಿಗೆ ಬರುವುದಿಲ್ಲ. ಕೆರೆಯಲ್ಲಿ ನೀರಿದೆ, ಪೈಪ್ ಇದೆ, ನೀರು ಚಿಮ್ಮಿಸುವ ಜೆಟ್ ಇದೆ. ಪಂಪ್ ಓಡಿಸುವ ತ್ರೀ ಫೇಸ್ ಕರೆಂಟ್ ಮಾತ್ರ ರಾತ್ರಿ ಎರಡು ಗಂಟೆಗೆ ಬರುತ್ತದೆ. ನಾನು ಟಾರ್ಚ್ ಹುಡುಕಿ, ದಾರಿಯಲ್ಲಿ ಆನೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಕೆರೆ ಹತ್ತಿರ ಹೋಗುವಷ್ಟರಲ್ಲಿ ಅದು ವಾಪಸ್ ಹೋಗಿರುತ್ತದೆ. ಹೊಸ ಡೀಸೆಲ್ ಪಂಪ್‌ಸೆಟ್ ರೇಟ್ ಕೇಳಿ, ಅಂಗಡಿಯವರು ಕೊಟ್ಟ ಟೀ ಕುಡಿದು ಬಂದೆ.

ಆಗ ಭಾವ, "ಹಳೇದು ಒಂದಿದೆ, ಹನ್ನೆರಡು ಸಾವಿರ. ಬರೀ ರಿಂಗ್ಸ್ ಹಾಕಿದ್ರೆ ಸಾಕು" ಅಂದ. ರಿಂಗ್ಸ್ ಅಂದ್ರೆ ಪಿಸ್ಟನ್ ಸುತ್ತ ಕೂತು ಗಾಳಿ ಸೋರದ ಹಾಗೆ ತಡೆಯುವ ಬಳೆಗಳು.

ಭಾವನ ಈ 'ಬರೀ' ಬಗ್ಗೆ ಸ್ವಲ್ಪ ಹೇಳಬೇಕು. ನಾಲ್ಕು ವರ್ಷದ ಹಿಂದೆ 'ಬರೀ ಕ್ಲಚ್' ಅಂತ ಅವನು ಕೊಡಿಸಿದ ಜೀಪು ಇವತ್ತಿಗೂ ನಮ್ಮ ಕೊಟ್ಟಿಗೆಯಲ್ಲಿದೆ. ಅದರ ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತದೆ. ಹಾಗಾಗಿ ಜೀಪಿನಿಂದ ಏನೂ ಉಪಯೋಗ ಆಗಲಿಲ್ಲ ಅನ್ನೋ ಹಾಗಿಲ್ಲ.

ಆದರೂ ಹೋದೆ. ಒಂದು ಮದುವೆ ಊಟ ಮುಗಿಸಿ ಬರುವಾಗ, ಇಬ್ಬರೂ ಬಿಳಿ ಶರ್ಟಿನಲ್ಲಿ. ಇಂಜಿನ್ನಿಗೆ ಹಸಿರು ಬಣ್ಣ ಬಳಿದಿದ್ದರು, ಬೋಲ್ಟಿನ ತಲೆಗೂ ಸೇರಿಸಿ. ಕಂಪನಿಯ ಹೆಸರಿನ ತಗಡು ಇರಲಿಲ್ಲ, ಅದನ್ನು ಹೊಡೆದಿದ್ದ ನಾಲ್ಕು ತೂತು ಮಾತ್ರ ಇದ್ದವು. ಆಯಿಲ್ ಸ್ಟಿಕ್ ಎಳೆದು ನೋಡಿದೆ. ಆಯಿಲ್ ಹಾಲು ಹಾಕಿದ ಕಾಫಿಯ ಹಾಗಿತ್ತು. ಅಂದ್ರೆ ಒಳಗೆ ನೀರು ಸೇರಿದೆ.

"ಬರೀ ಗ್ಯಾಸ್ಕೆಟ್" ಅಂದ ಭಾವ.

ಫ್ಲೈವೀಲ್ ಹಿಡಿದು ಅಲ್ಲಾಡಿಸಿದೆ. ಟಕ್ ಟಕ್ ಅಂತು. "ಬರೀ ಬೇರಿಂಗ್."

ಹ್ಯಾಂಡಲ್ ಹಾಕಿ ತಿರುಗಿಸಿದೆ. ಡೀಸೆಲ್ ಇಂಜಿನ್ನಿಗೆ ಪ್ಲಗ್ ಇಲ್ಲ, ಕಿಡಿ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಬರುವ ಬಿಸಿಗೇ ಡೀಸೆಲ್ ಹತ್ತಿಕೊಳ್ಳಬೇಕು. ಹಾಗಾಗಿ ಆ ಒತ್ತಡ ಬಿಡಿಸುವ ಡಿಕಂಪ್ರೆಷನ್ ಲಿವರ್ ಎತ್ತದೆ ತಿರುಗಿಸಿದರೆ ರಟ್ಟೆ ಬೀಳಬೇಕು. ಇದು ಐಸ್‌ಕ್ಯಾಂಡಿ ಗಾಡಿಯ ಚಕ್ರದ ಹಾಗೆ ತಿರುಗಿತು. ಭಾವ ಬಾಯಿ ತೆರೆಯುವ ಮೊದಲೇ ನಾನೇ ಹೇಳಿದೆ, "ಬರೀ ರಿಂಗ್ಸ್, ಅಲ್ವಾ?"

ಗುಜರಿಯವರಿಗೆ ನನ್ನ ಮುಖ ನೋಡಿ ಗಿರಾಕಿ ಕೈ ಬಿಡ್ತಾನೆ ಅನ್ನಿಸಿರಬೇಕು. ಗಾಳಿ ಹೋಗುವ ದಾರಿಯಲ್ಲಿ ಎರಡು ಚಮಚ ಆಯಿಲ್ ಹುಯ್ದರು. ಇದೊಂದು ಹಳೇ ಉಪಾಯ, ಸವೆದ ರಿಂಗಿನ ಸಂದಿಗೆ ಆಯಿಲ್ ಕೂತು ಸ್ವಲ್ಪ ಹೊತ್ತು ಕಂಪ್ರೆಷನ್ ಸಿಗುತ್ತದೆ. "ಈಗ ಹೊಡೀರಿ ಸಾರ್" ಅಂದರು. ಭಾವ ಲಿವರ್ ಹಿಡಿದು, ಸದ್ದು ಕೇಳೋಕೆ ಅಂತ ಏರ್ ಕ್ಲೀನರ್ ಹತ್ತಿರ ಕಿವಿ ಇಟ್ಟ. ಸ್ಕ್ರೂಡ್ರೈವರ್ ಇಟ್ಟು ಕೇಳುವುದು ಮೆಕ್ಯಾನಿಕ್‌ಗಳ ಪದ್ಧತಿ. ನಮ್ಮ ಭಾವ ಡೈರೆಕ್ಟ್.

ನಾನು ಹೊಡೆದೆ. ಅವನು ಲಿವರ್ ಬಿಟ್ಟ. ಹ್ಯಾಂಡಲ್ ಹಿಂದಕ್ಕೆ ಒದ್ದು ನನ್ನ ಮಣಿಕಟ್ಟು ಮುರಿದೇ ಹೋಯಿತು ಅಂದುಕೊಂಡೆ. ಇಂಜಿನ್ ಸ್ಟಾರ್ಟ್ ಆಯಿತು. ಆದರೆ ಉಲ್ಟಾ! ಸಿಂಗಲ್ ಸಿಲಿಂಡರ್ ಡೀಸೆಲ್ ಇಂಜಿನ್ನುಗಳು ಹಿಂದಕ್ಕೆ ಒದ್ದರೆ ಹಾಗೇ ಹಿಂದಕ್ಕೇ ಓಡುವುದುಂಟು ಅಂತ ಕೇಳಿದ್ದೆ, ಕಣ್ಣಾರೆ ನೋಡಿದ್ದು ಅವತ್ತೇ. ಸೈಲೆನ್ಸರ್ ಗಾಳಿ ಎಳೆದುಕೊಳ್ತಿದೆ, ಹೊಗೆಯೆಲ್ಲ ಏರ್ ಕ್ಲೀನರಿನಿಂದ ಬರ್ತಿದೆ. ಅದು ಆಯಿಲ್ ತುಂಬಿದ ಏರ್ ಕ್ಲೀನರ್. ಎಷ್ಟು ವರ್ಷದ ಕಪ್ಪು ಆಯಿಲ್ಲೋ, ಪೂರ್ತಿ ಭಾವನ ಕಿವಿಗೆ, ಕೆನ್ನೆಗೆ, ಮದುವೆ ಶರ್ಟಿಗೆ. ಗುಜರಿಯವರು ಓಡಿ ಬಂದು ಲಿವರ್ ಎತ್ತಿದರು. ಗಾಡಿ ಕೆಮ್ಮಿ ನಿಂತಿತು.

ಭಾವ ಒಂದು ಕಣ್ಣು ಒರೆಸಿಕೊಂಡು ನನ್ನ ಕಡೆ ನೋಡಿದ. "ಸ್ಟಾರ್ಟ್ ಆಯ್ತಲ್ಲ ಭಾವ. ಬರೀ ಉಲ್ಟಾ ಅಷ್ಟೇ."

ಮನೆಗೆ ಬಂದು ಮದುವೆ ಕಾಗದದ ಹಿಂದೆ ಲೆಕ್ಕ ಬರೆದೆ. ಬೋರ್, ಅಂದ್ರೆ ಪಿಸ್ಟನ್ ಓಡಾಡುವ ಕೊಳವೆ, ಸವೆದಿದ್ದರೆ ಹತ್ತು ಥೌ, ಅಂದ್ರೆ ಕಾಲು ಮಿಲಿಮೀಟರ್ ದೊಡ್ಡ ಪಿಸ್ಟನ್. ಕ್ರ್ಯಾಂಕ್ ಲೇತಿಗೆ. ಬೇರಿಂಗ್, ವಾಲ್ವ್, ನಾಝಲ್, ಗ್ಯಾಸ್ಕೆಟ್. ಭಾವನ 'ಬರೀ'ಗಳೇ 19,000 ಆದವು, ಕೂಲಿ ಬಿಟ್ಟು. ಹೆಂಡತಿ ಎಣಿಸಿ ನೋಡಿ, "ಕೋಳಿಗೆ ಇನ್ನೊಂದು ಗೂಡು ಬೇಕಿತ್ತಾ?" ಅಂದಳು. ಶರ್ಟಿನ ಕಲೆ ಹೋಗಿಲ್ಲ ಅಂತ ಅವಳ ಅತ್ತಿಗೆಯ ಫೋನ್ ಆಗಲೇ ಬಂದಿತ್ತು.

ಅಪ್ಪನ ಹತ್ತಿರ ಇಂಥದ್ದೇ ಒಂದಿತ್ತು. ಹ್ಯಾಂಡಲ್ ಅನ್ನು ಹೆಬ್ಬೆರಳು ಸುತ್ತಿ ಹಿಡೀಬೇಡ ಅಂತ ನನಗೆ ಹೇಳಿಕೊಟ್ಟವರು ಅವರೇ. ರಾತ್ರಿಯೆಲ್ಲ ಕೆರೆ ಕಡೆಯಿಂದ ಡುಗು ಡುಗು ಸದ್ದು ಬರ್ತಿತ್ತು, ಅದು ನಿಂತರೆ ಮನೆಯವರಿಗೆಲ್ಲ ಎಚ್ಚರ ಆಗ್ತಿತ್ತು. ನೀರು ಬಿದ್ದು ಎಂಟೊಂಬತ್ತು ದಿನಕ್ಕೆ ಹೂ ಬಿಟ್ಟು ತೋಟ ಬೆಳ್ಳಗೆ. ಅಪ್ಪ ಹೋದ ಮೇಲೆ ಅದನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿದ್ದು ನಾನೇ.

ಬೇಡ ಅಂತ ತೀರ್ಮಾನ ಮಾಡಿದ್ದೆ. ನಿನ್ನೆ ಸಂಜೆ ಮೋಡ ಕಟ್ಟಿ ಗುಡುಗಿತು. ಬೆಳಿಗ್ಗೆ ಎದ್ದವನೇ ಮಳೆ ಡಬ್ಬ ನೋಡಲು ಓಡಿದೆ. ಹೂವಿಗೆ ನೂರು ಸೆಂಟ್ಸ್, ಅಂದ್ರೆ ಒಂದಿಂಚಾದರೂ ಬೇಕು. ಡಬ್ಬದಲ್ಲಿ ಇದ್ದದ್ದು ಏಳು ಸೆಂಟ್ಸ್ ಮತ್ತು ಒಂದು ಇರುವೆ.

ಭಾವನಿಗೆ ಫೋನ್ ಮಾಡಿ ಮೆಲ್ಲಗೆ ಕೇಳಿದೆ, ಆ ಇಂಜಿನ್ ಇನ್ನೂ ಅಲ್ಲೇ ಇದೆಯಾ ಅಂತ.

"ಇದೆ ಭಾವ. ಬರೀ ಒಂದು ಸಾವಿರ ಜಾಸ್ತಿ ಆಗಿದೆ, ಅಷ್ಟೇ."