ಚಿತ್ರ ನೋಡೋಕೆ ಹೋದೆ, ಸನ್ಮಾನ ನೋಡಿ ಬಂದೆ

ಕಲಬುರಗಿಯಲ್ಲಿ ಚಿತ್ರಕಲಾ ಪ್ರದರ್ಶನ ನೋಡೋ ಆಸೆ ಇದ್ದವರು ಉದ್ಘಾಟನೆ ದಿನ ಮಾತ್ರ ಹೋಗಬೇಡಿ. ನಾನು ನಿನ್ನೆ ಹೋಗಿದ್ದೆ. ತಲೆ ಇನ್ನೂ ಕಾದಿದೆ.

ಗ್ಯಾಲರಿ ಯಾವುದು ಅಂತ ಹೇಳಲ್ಲ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕು. ಒಳಗೆ ಹೋದ ತಕ್ಷಣ ಕಂಡಿದ್ದು ಒಂದು ದೊಡ್ಡ ಫ್ಲೆಕ್ಸ್. ದಿವ್ಯ ಸಾನಿಧ್ಯ, ಘನ ಉಪಸ್ಥಿತಿ, ಅಧ್ಯಕ್ಷತೆ, ಎಲ್ಲರ ಮುಖವೂ ಇದೆ. ಚಿತ್ರ ಬರೆದವರ ಹೆಸರು? ಇದೆ ಇದೆ, ಕೆಳಗೆ, ಫ್ಲೆಕ್ಸ್ ಮಾಡಿದವರ ಫೋನ್ ನಂಬರಿನ ಪಕ್ಕ. ಅದನ್ನ ಕಟ್ಟಿದ್ದಾದರೂ ಎಲ್ಲಿ? ಚಿತ್ರಗಳ ಮೇಲೇ! ಆ ಗೋಡೆಯಲ್ಲಿದ್ದ ಚಿತ್ರಗಳೆಲ್ಲ ಅದರ ಹಿಂದೆ.

ಆಮೇಲೆ ಶುರುವಾಯ್ತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಸಸಿಗೆ ನೀರು, ಶಾಲು, ಹಾರ, ನೆನಪಿನ ಕಾಣಿಕೆ. ಕಲೆ ಬಗ್ಗೆ ಮಾತಾಡಲು ಎದ್ದ ಅತಿಥಿಗಳು ಅಜಂತಾದಿಂದ ಹೊರಟವರು ಕಲಬುರಗಿ ಮುಟ್ಟಲೇ ಇಲ್ಲ. ಬೆನ್ನ ಹಿಂದೆಯೇ ಚಿತ್ರ ಇತ್ತಲ್ಲ ಸ್ವಾಮಿ, ಒಂದು ಸಲ ತಿರುಗಬಾರದಾ?

ನಾನಂತೂ ಎದ್ದು ಹೋಗಿ ಫ್ಲೆಕ್ಸ್ ಪಕ್ಕದಿಂದ ತಲೆ ತೂರಿಸಿದೆ. ಅಲ್ಲಿತ್ತು ನೋಡಿ, ನಮ್ಮ ಕೋಟೆಯೊಳಗಿನ ಜಾಮಿಯಾ ಮಸೀದಿ. ನೀರುಬಣ್ಣದಲ್ಲಿ. 1367ರಲ್ಲಿ ಕಟ್ಟಿದ್ದು. ನಡುವೆ ಬಯಲು ಅಂಗಳವೇ ಇಲ್ಲ, ಪೂರ್ತಿ ಗುಮ್ಮಟಗಳ ಚಾವಣಿ. ಪಕ್ಕದ ಕಮಾನುಗಳಿಂದ ಒಳಗೆ ಬರುವ ಬೆಳಕಿಗೆ ಕಲಾವಿದರು ಬಣ್ಣವನ್ನೇ ಹಚ್ಚಿಲ್ಲ. ಬರೀ ಹಾಳೆ ಬಿಟ್ಟಿದ್ದಾರೆ. ನೆರಳು ಮಾತ್ರ ನೀಲಿ, ಒಳಗೆ ಹೋದಂತೆ ತೆಳುವಾಗ್ತಾ ಹೋಗುತ್ತೆ. ಚಿಕ್ಕಂದಿನಿಂದ ಆ ಕೋಟೆಯಲ್ಲಿ ಅಲೆದವನು ನಾನು. ಆ ಕಮಾನುಗಳು ಅಷ್ಟು ಕುಳ್ಳಗೆ, ಅಷ್ಟು ಅಗಲ ಇರೋದು ಕಣ್ಣಿಗೆ ಬಿದ್ದಿದ್ದು ನಿನ್ನೆಯೇ. ಅಷ್ಟರಲ್ಲಿ ಯಾರೋ “ಸರ, ಫೋಟೋದಾಗ ಅಡ್ಡ ಬರ್ಲಿಕತ್ತೀರಿ” ಅಂದರು. ನಾನು ಅಡ್ಡ ಅಂತೆ!

ಇನ್ನೊಂದು ಗೋಡೆಯಲ್ಲಿ ತೊಗರಿ ರಾಶಿಯ ಚಿತ್ರ. ಎಣ್ಣೆಬಣ್ಣ, ಬ್ರಶ್ ಬಿಟ್ಟು ಚಾಕುವಿನಲ್ಲೇ ಮೆತ್ತಿದ್ದು. ಸುಸಲಾ-ಮಿರ್ಚಿ ಹಂಚುತ್ತಿದ್ದ ಹುಡುಗ ಅದರ ಮುಂದೆ ನಿಂತು, ಎಣ್ಣೆಗೈಯಲ್ಲೇ ಮುಟ್ಟಿ, “ಖರೇ ತೊಗರಿ ಹಚ್ಯಾರೇನ್ರಿ?” ಅಂದ. ಬೈಯೋಣ ಅಂದುಕೊಂಡೆ. ಆದರೆ ಇಡೀ ಸಭೆಯಲ್ಲಿ ಚಿತ್ರದ ಹತ್ತಿರ ಹೋಗಿ ನೋಡಿದ್ದು ಅವನೊಬ್ಬನೇ, ಏನಂತ ಬೈಯೋದು?

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಕಾಲೇಜು ಹುಡುಗನಿಗೆ ಸುಮ್ನೆ ಕೇಳಿದೆ, ಎಸ್.ಎಂ. ಪಂಡಿತ ಗೊತ್ತೇನಪ್ಪಾ ಅಂತ. “ರಂಗಮಂದಿರ ಅಲ್ರಿ ಸರ?” 1916ರಲ್ಲಿ ಇದೇ ಊರಲ್ಲಿ ಹುಟ್ಟಿ, ಮುಂಬೈಗೆ ಹೋಗಿ, ಸಿನಿಮಾ ಪೋಸ್ಟರ್ ಬರೆದು, ‘ಫಿಲ್ಮ್‌ಇಂಡಿಯಾ’ ಪತ್ರಿಕೆಯ ಮುಖಪುಟ ಬರೆದು, ಪುರಾಣದ ಪಾತ್ರಗಳನ್ನು ಕ್ಯಾಲೆಂಡರಿನಲ್ಲಿ ಮನೆಮನೆಗೆ ಮುಟ್ಟಿಸಿದ ಮನುಷ್ಯ. ರಂಗಮಂದಿರಕ್ಕೆ ಹೆಸರಿಟ್ಟು, ಅವರನ್ನೂ ನಾವು ಫಂಕ್ಷನ್ ಹಾಲ್ ಮಾಡಿ ಮುಗಿಸಿದ್ದೇವೆ. ಅಲ್ಲೂ ಅದೇ ಶಾಲು, ಅದೇ ಹಾರ.

ದೊಡ್ಡವರನ್ನ ಕರೀದಿದ್ರೆ ಜನ ಬರಲ್ಲ, ಪೇಪರಲ್ಲಿ ಸುದ್ದಿ ಬರಲ್ಲ ಅಂತೀರಿ. ಒಪ್ಪಿದೆ. ಸುದ್ದಿ ಇವತ್ತು ಬಂದಿದೆ, ನೋಡಿ. ಫೋಟೋ ತುಂಬ ಜನ, ಒಂದು ಚಿತ್ರವೂ ಕಾಣಲ್ಲ. ಬಂದ ಜನವೂ ನಾಷ್ಟಾ ಆದಮೇಲೆ ಸೀದಾ ಗಾಡಿ ಹತ್ತಿದರು. ಕಲಾವಿದರು ಪಾಪ ಖಾಲಿ ಕುರ್ಚಿ ಜೋಡಿಸ್ತಾ ಇದ್ದರು. ನನಗೆ ಶಾಲು ಸಿಗಲಿಲ್ಲ ಅಂತ ಹೊಟ್ಟೆಕಿಚ್ಚು ಅನ್ನೋರು ಧಾರಾಳವಾಗಿ ಅನ್ನಿ. ಈ ಬಿಸಿಲಿನ ಊರಲ್ಲಿ ಶಾಲು ಯಾರಿಗೆ ಬೇಕು?

ಪ್ರದರ್ಶನ ಭಾನುವಾರದವರೆಗೆ ಇದೆ. ಮಧ್ಯಾಹ್ನ ಹೋಗಿ, ಯಾರೂ ಇರಲ್ಲ. ಮಸೀದಿ ಚಿತ್ರದ ರೇಟ್ ಮಾತ್ರ ಕೇಳಬೇಡಿ. ಅದಕ್ಕೆ ಅಡ್ವಾನ್ಸ್ ಕೊಟ್ಟು ಬಂದಿದ್ದೀನಿ. ಮನೆಯಲ್ಲಿ ಇನ್ನೂ ಹೇಳಿಲ್ಲ. ನಮ್ಮ ಮನೆಯವರು ಫೇಸ್‌ಬುಕ್ ನೋಡಲ್ಲ, ನೀವ್ಯಾರೂ ಫೋನ್ ಮಾಡಿ ಹೇಳೋಕೆ ಹೋಗಬೇಡಿ.