ಲೇಹ್ ದಾರಿಗೆ ಅವಸರ ಆಗಿಬರಲ್ಲ

ಕಾರಲ್ಲಿ ಲೇಹ್‌ಗೆ ಹೋಗಿ ಬಂದೆ ಅಂದ್ರೆ ದಾವಣಗೆರೆಯಲ್ಲಿ ಸಿಕ್ಕವರೆಲ್ಲ ಕೇಳೋದು ಒಂದೇ: 'ಎಷ್ಟು ದಿನಕ್ಕೆ ಮುಟ್ಟಿದ್ರಿ?' ಮನಾಲಿಯಿಂದ ಲೇಹ್‌ಗೆ ಒಂದೇ ಏಟಿಗೆ ಹೋದ್ವಿ ಅಂತ ರೀಲ್ಸ್ ಹಾಕೋರ ಪ್ರಭಾವ ಇರಬೇಕು. ಆ ರಸ್ತೆಯಲ್ಲಿ ಹಾಗೆ ಓಡೋದು ಶುದ್ಧ ದಡ್ಡತನ ಅಂತ ನನ್ನ ಅಭಿಪ್ರಾಯ.

2020ರಲ್ಲಿ 9 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ಈ ಚಾಳಿ ಜಾಸ್ತಿಯಾಗಿದೆ. ಮೊದಲು ರೋಹ್ತಾಂಗ್ ಪಾಸ್ ಹತ್ತಿ ಇಳಿಯಬೇಕಿತ್ತು. ಈಗ ಸುರಂಗಕ್ಕೆ ನುಗ್ಗಿದರೆ ಸ್ವಲ್ಪ ಹೊತ್ತಿಗೆ ಆಚೆ ಲಾಹೌಲ್ ಕಣಿವೆ. ತಾಂಡಿಯ ಪೆಟ್ರೋಲ್ ಬಂಕಿನಲ್ಲಿ ಹೆಸರುವಾಸಿ ಬೋರ್ಡೊಂದಿದೆ: ಮುಂದಿನ ಬಂಕ್ 365 ಕಿ.ಮೀ. ನಮ್ಮೂರಿಂದ ಬೆಂಗಳೂರು ಮುಟ್ಟಿ, ತಿರುಗಿ ಶಿರಾ ಹತ್ತಿರ ಬಂದಷ್ಟು ದೂರ!

ಜಿಂಗ್‌ಜಿಂಗ್‌ಬಾರ್ ಕಡೆ ಒಂದು ಹಳ್ಳ ರಸ್ತೆ ಮೇಲೇ ಹರಿಯುತ್ತಿತ್ತು. ಲಾರಿಗಳು ಸಾಲಾಗಿ ನಿಂತಿದ್ದವು. ಡ್ರೈವರ್ ಒಬ್ಬರು ನೀರಿನ ಅಂಚಿಗೆ ಒಂದು ಕಲ್ಲು ಇಟ್ಟು, ಸ್ಟವ್ ಹಚ್ಚಿ ಚಹಾಕ್ಕೆ ಕೂತರು. ಚಹಾ ಕುದಿಯುವಷ್ಟರಲ್ಲಿ ಕಲ್ಲು ಅರ್ಧ ಮುಳುಗಿತ್ತು. ಮೇಲೆ ಬಿಸಿಲು ಏರಿದಂತೆ ಹಿಮ ಕರಗುತ್ತೆ, ಮಧ್ಯಾಹ್ನದ ಮೇಲೆ ಹಳ್ಳ ತುಂಬುತ್ತೆ. ರಾತ್ರಿ ಚಳಿಗೆ ಕರಗೋದು ನಿಂತು ಬೆಳಗ್ಗೆ ನೀರು ಇಳಿಯುತ್ತೆ. 'ನಾಳೆ ಐದಕ್ಕೆ ಹೋಗೋಣ' ಅಂತ ನಮಗೂ ಒಂದು ಲೋಟ ಕೊಟ್ಟರು. ಅಷ್ಟರಲ್ಲಿ ಹಿಂದಿನಿಂದ ಹಾರ್ನ್ ಹೊಡೆಯುತ್ತಾ ಬಂದ ಬೈಕ್ ಗುಂಪೊಂದು ನೀರಿಗಿಳಿಯಿತು. ಒಂದು ಬೈಕ್ ನಡುವೆಯೇ ಆಫ್. ಎಳೆದು ಹಾಕಿದ್ದು ಅದೇ ಲಾರಿಯವರು.

ಮರುದಿನ ಬಾರಾಲಾಚಾ ಲಾ ಅನ್ನೋ ಪಾಸ್, ಸುಮಾರು 4,890 ಮೀಟರ್ ಎತ್ತರ. ಊರಿಂದ ತಂದಿದ್ದ ಮಂಡಕ್ಕಿ ಪ್ಯಾಕೆಟ್ ಸೀಟಿನ ಕೆಳಗೆ ಉಬ್ಬಿ ಸಿಕ್ಕಿಕೊಂಡಿತ್ತು, ಎಳೆದರೂ ಬರ್ತಿಲ್ಲ. ಹೊರಗಿನ ಗಾಳಿಯ ಒತ್ತಡ ಅಷ್ಟು ಇಳಿದಿರುತ್ತೆ. 'ಭಾವ, ಇದಕ್ಕೂ ತಲೆ ಸಿಡೀತಾ ಇದೆ' ಅಂದ ನನ್ನ ಭಾಮೈದ. ನಗೋಕೂ ಉಸಿರು ಸಾಲಲಿಲ್ಲ. ಒಂದೇ ಏಟಿಗೆ ಏರುವವರ ದೇಹಕ್ಕೆ ಹೊಂದಿಕೊಳ್ಳೋಕೆ ಹೊತ್ತೆಲ್ಲಿದೆ?

ಮುಂದೆ ಸಿಗೋ ಗಾಟಾ ಲೂಪ್ಸ್ ಅನ್ನೋ ಏರುದಾರಿಯ 21 ತಿರುವುಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ, ಬಿಡಿ. ಬಾಯಾರಿ ಸತ್ತ ಲಾರಿ ಕ್ಲೀನರ್ ಒಬ್ಬನಿಗೆ ಅಂತ ಜನ ಅಲ್ಲಿ ನೀರಿನ ಬಾಟಲಿ ಇಡುತ್ತಾರೆ. ಭಕ್ತಿ ಸರಿ, ಪ್ಲಾಸ್ಟಿಕ್ ಗುಡ್ಡೆ ನೋಡಿ ಹೊಟ್ಟೆ ಉರಿಯಿತು. ನೀರು ಅಲ್ಲಿ ಸುರಿದು ಬಾಟಲಿ ವಾಪಸ್ ತರಬಹುದಲ್ವಾ?

ನನಗೆ ತುಂಬಾ ಹಿಡಿಸಿದ್ದು ಮೋರೆ ಬಯಲು. 4,700 ಮೀಟರ್ ಎತ್ತರದಲ್ಲಿ ಮೈಲುಗಟ್ಟಲೆ ಸಪಾಟು ನೆಲ, ಮರವೇ ಇಲ್ಲ. ಚಾಂಗ್‌ಪಾ ಕುರಿಗಾಹಿಗಳ ಹಿಂಡು ರಸ್ತೆ ದಾಟುತ್ತಿತ್ತು, ಸುಮ್ನೆ ನಿಲ್ಲಿಸಿದೆವು. ಭಾಮೈದ ಹೊದ್ದಿದ್ದ ಚಳ್ಳಕೆರೆ ಕಂಬಳಿ ಮೇಲೆ ಅಜ್ಜನೊಬ್ಬನ ಕಣ್ಣು ಬಿತ್ತು. ಹತ್ತಿರ ಬಂದು ಅಂಚು ಹಿಡಿದು, ಒಂದು ಎಳೆ ಕಿತ್ತು, ಬೆರಳಲ್ಲಿ ಹೊಸೆದು ನೋಡಿದ. 'ಭೇಡ್?' ಅಂದ. ಹೌದು, ಕುರಿಯದ್ದೇ ಅಂದೆವು. ತನ್ನ ಮೇಕೆಯೊಂದನ್ನು ಹಿಡಿದು, ಒರಟು ಕೂದಲು ಸರಿಸಿ ಒಳಗಿನ ಮೆತ್ತನೆ ಉಣ್ಣೆ ತೋರಿಸಿದ. ಅದೇ ಪಶ್ಮಿನಾ. ಅದನ್ನು ಕತ್ತರಿಸೋದಿಲ್ಲ, ಬಾಚಿ ತೆಗೆಯುತ್ತಾರೆ. ಕಂಬಳಿ ಎಷ್ಟಕ್ಕೆ ಕೊಡ್ತೀರಿ ಅಂತಲೂ ಕೇಳಿದ. ಭಾಮೈದ ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡ.

ಹೊರಡೋರಿಗೆ ಒಂದು ಮಾತು. ಶ್ರೀನಗರ, ಕಾರ್ಗಿಲ್ ಕಡೆಯಿಂದ ಹೋಗಿ ಮನಾಲಿ ಕಡೆ ಇಳಿಯಿರಿ. ಅಲ್ಲಿ ಏರೋದು ನಿಧಾನ, ದೇಹ ಒಗ್ಗುತ್ತೆ. ಮನಾಲಿಯಿಂದ ಹೊರಟು, ಅಷ್ಟು ಎತ್ತರದ ಸರ್ಚುವಿನ ಟೆಂಟಿನಲ್ಲಿ ಮೊದಲ ರಾತ್ರಿ ಕಳೆಯೋ ಪ್ಲಾನ್ ಇದ್ದರೆ ಈಗಲೇ ಕೈಬಿಡಿ.