ಎರೆನ್ ಹತ್ರ ಪ್ಲ್ಯಾನ್ ಇರಲಿಲ್ಲ, ಅದಕ್ಕೇ ‘ಅಟ್ಯಾಕ್ ಆನ್ ಟೈಟನ್’ ಕೊನೆ ಸರಿಯಾಗಿದೆ

ಮೊದಲೇ ಹೇಳಿಬಿಡ್ತೀನಿ, ಕೆಳಗಿರೋದು ಪೂರ್ತಿ ಸ್ಪಾಯ್ಲರ್. ನೋಡದೇ ಇರೋರು ಇಲ್ಲಿಗೇ ನಿಲ್ಲಿಸಿ, ನೋಡಿ ಮುಗಿಸಿ ಬನ್ನಿ.

2021ರ ಏಪ್ರಿಲ್‌ನಲ್ಲಿ ಮಾಂಗಾದ 139ನೇ, ಅಂದ್ರೆ ಕೊನೇ ಅಧ್ಯಾಯ ಬಂದಾಗ ಶುರುವಾದ ಜಗಳ ಇದು. ಗೊತ್ತಿಲ್ಲದವರಿಗೆ: ‘ಅಟ್ಯಾಕ್ ಆನ್ ಟೈಟನ್’ ಹಜಿಮೆ ಇಸಾಯಾಮ ಬರೆದ ಜಪಾನಿ ಮಾಂಗಾ, ಅಂದ್ರೆ ಕಾಮಿಕ್ಸ್, ಅದೇ ಆಮೇಲೆ ಅನಿಮೆ ಆಯ್ತು. ಮನುಷ್ಯರನ್ನ ತಿನ್ನೋ ಟೈಟನ್ ಅನ್ನೋ ದೈತ್ಯರಿಗೆ ಹೆದರಿ ಪ್ಯಾರಡಿಸ್ ದ್ವೀಪದ ಗೋಡೆಗಳ ಒಳಗೆ ಬದುಕೋ ಎಲ್ಡಿಯನ್ನರ ಕಥೆ. ನಾಯಕ ಎರೆನ್ ಕೊನೆಗೆ ಗೋಡೆಗಳಲ್ಲಿದ್ದ ಟೈಟನ್‌ಗಳನ್ನ ಎಬ್ಬಿಸಿ ಹೊರಗಿನ ಪ್ರಪಂಚವನ್ನ ತುಳಿಸಿಹಾಕ್ತಾನೆ, ಬಾಲ್ಯದ ಗೆಳೆಯರಾದ ಆರ್ಮಿನ್, ಮಿಕಾಸ ಅವನನ್ನ ತಡೀತಾರೆ. 2023ರ ನವೆಂಬರ್‌ನಲ್ಲಿ ಅನಿಮೆ ಮುಗಿದಾಗ ಇನ್ನೊಂದು ಸುತ್ತು ನಡೀತು. ಈಗಲೂ ಯಾರಾದ್ರೂ ಹೊಸಬರು ನೋಡಿ ಮುಗಿಸಿದ ದಿನ ಮತ್ತೆ ಹೊತ್ತಿಕೊಳ್ಳುತ್ತೆ. ದೂರುಗಳು ಮಾತ್ರ ಹೆಚ್ಚುಕಮ್ಮಿ ಅವೇ. ಎರೆನ್ ಪಾತ್ರವನ್ನ ಹಾಳು ಮಾಡಿಬಿಟ್ರು, ಇಷ್ಟು ವರ್ಷ ಕಾದಿದ್ದಕ್ಕೆ ಒಬ್ಬ ಅಳುಬುರುಕ ಸಿಕ್ಕ. ಆರ್ಮಿನ್ ನರಮೇಧಕ್ಕೆ ಥ್ಯಾಂಕ್ಸ್ ಹೇಳ್ತಾನೆ. ಎಲ್ಲರಿಗಿಂತ ಮೊದಲು ಟೈಟನ್ ಆದ ಯಮಿರ್ ಕಥೆ ತಲೆಬುಡ ಅರ್ಥ ಆಗಲ್ಲ. ಕೊನೆಗೆ ಪ್ಯಾರಡಿಸ್ ದ್ವೀಪವೂ ಸುಟ್ಟುಹೋಗುತ್ತೆ, ಹಾಗಾದ್ರೆ ಅಷ್ಟು ಜನ ಸತ್ತಿದ್ದು ಯಾತಕ್ಕೆ?

ಇದರಲ್ಲಿ ಒಂದೆರಡು ದೂರು ನ್ಯಾಯವಾದದ್ದೇ, ಅದಕ್ಕೆ ಆಮೇಲೆ ಬರ್ತೀನಿ. ಮಿಕ್ಕವೆಲ್ಲ ಹುಟ್ಟಿದ್ದು ಒಂದೇ ಕಡೆಯಿಂದ: ಎರೆನ್ ದೊಡ್ಡ ತಂತ್ರಗಾರ, ಅವನ ತಲೆಯಲ್ಲಿ ಯಾವುದೋ ಭಾರೀ ಲೆಕ್ಕಾಚಾರ ಇದೆ, ಕೊನೇ ಎಪಿಸೋಡ್‌ನಲ್ಲಿ ಅದು ಹೊರಗೆ ಬೀಳುತ್ತೆ ಅಂತ ನಾವೇ ನಂಬಿಕೊಂಡಿದ್ವಿ. ಶತ್ರು ದೇಶ ಮಾರ್ಲಿಯ ನೆಲಮಾಳಿಗೆಯಲ್ಲಿ, ಗೆಳೆಯನಾಗಿದ್ದು ಶತ್ರುವಾದ ರೈನರ್ ಎದುರು ಕೂದಲು ಬಿಟ್ಕೊಂಡು ತಣ್ಣಗೆ ಕೂತು ಮಾತಾಡಿದ್ನಲ್ಲ, ಆವತ್ತಿಂದ ಅವನನ್ನ ಹಾಗೇ ನೋಡಿದ್ವಿ. ಕಥೆ ಮಾತ್ರ ಒಂದು ಸಲವೂ ಹಾಗೆ ಹೇಳಿಲ್ಲ. ನಿಜವಾಗ್ಲೂ ಪ್ಲ್ಯಾನ್ ಇದ್ದವನು ಅವನ ಮಲಅಣ್ಣ ಜೀಕ್. ಎಲ್ಡಿಯನ್ನರಿಗೆ ಇನ್ಮುಂದೆ ಮಕ್ಕಳೇ ಆಗದ ಹಾಗೆ ಮಾಡೋದು ಅವನ ಪ್ಲ್ಯಾನ್. ಕ್ರೂರ, ಆದ್ರೆ ಮೊದಲಿಂದ ಕೊನೆವರೆಗೆ ಒಂದಕ್ಕೊಂದು ಕೂಡುತ್ತೆ. ಎರೆನ್ ಹತ್ರ ಇದ್ದದ್ದು ಒಂದು ದೃಶ್ಯ, ಅದರ ಆಸೆ, ಅಷ್ಟೇ.

ಆ ದೃಶ್ಯ ಅವನಿಗೆ ಸಿಕ್ಕಿದ್ದು 59ನೇ ಎಪಿಸೋಡ್‌ನಲ್ಲಿ. ಪದಕ ಕೊಡೋ ಸಮಾರಂಭ, ರಾಣಿ ಹಿಸ್ಟೋರಿಯಾ ಕೈಗೆ ಮುತ್ತಿಡ್ತಾನೆ, ಮುಂದೆ ನಡೆಯೋದೆಲ್ಲ ಕಣ್ಮುಂದೆ ಹಾದುಹೋಗುತ್ತೆ. ಅಟ್ಯಾಕ್ ಟೈಟನ್‌ನ ಗುಣವೇ ಅದು, ಎರೆನ್ ಒಳಗಿರೋ ಆ ಶಕ್ತಿಯನ್ನ ಮುಂದೆ ಹೊರುವವನ ನೆನಪು ಈಗ ಹೊತ್ತವನಿಗೂ ಸಿಗುತ್ತೆ. ಕೊನೆ ಹೊತ್ತವನು ಎರೆನ್ನೇ ಆದ್ದರಿಂದ ಅವನು ನೋಡಿದ್ದು ತಾನೇ ಮಾಡಲಿರೋ ಕೆಲಸವನ್ನ. ಅದೇ ಎಪಿಸೋಡ್‌ನ ಕೊನೆಗೆ ಸಮುದ್ರದ ದಡ. ಎಲ್ಲರೂ ನೀರಲ್ಲಿ ಆಡ್ತಿದ್ದಾರೆ, ಆರ್ಮಿನ್ ಕೈಯಲ್ಲಿ ಶಂಖ. ಎರೆನ್ ಮಾತ್ರ ಆಚೆ ದಡದ ಕಡೆ ಬೆರಳು ತೋರಿಸಿ, ಅಲ್ಲಿರೋ ಶತ್ರುಗಳನ್ನೆಲ್ಲ ಕೊಂದ್ರೆ ನಾವು ಸ್ವತಂತ್ರರಾಗ್ತೀವಾ ಅಂತ ಕೇಳ್ತಾನೆ. ಆ ಶಂಖ ನೆನಪಿಟ್ಟುಕೊಳ್ಳಿ.

ಇನ್ನು ರಮ್ಝಿ. ಕೊನೆಯನ್ನ ಬೈಯೋರಲ್ಲಿ ಎಷ್ಟೋ ಜನ ಈ ಹುಡುಗನನ್ನೇ ಮರೆತಿರ್ತಾರೆ. ಮಾಂಗಾದ 131ನೇ ಅಧ್ಯಾಯ, ಅನಿಮೆಯಲ್ಲಿ 2023ರ ಮಾರ್ಚ್‌ನಲ್ಲಿ ಬಂದ ಮೊದಲ ಸ್ಪೆಷಲ್. ಜೇಬುಗಳ್ಳ ಹುಡುಗನನ್ನ ಜನ ಹಿಡಿದು ಹೊಡೀತಿರ್ತಾರೆ. ಮುಂದೊಂದು ದಿನ ಇವನನ್ನ ತುಳಿದು ಕೊಲ್ಲೋನು ನಾನೇ ಅಂತ ಎರೆನ್‌ಗೆ ಗೊತ್ತು. ಗೊತ್ತಿದ್ದೂ ಕಾಪಾಡ್ತಾನೆ, ಆಮೇಲೆ ಹುಡುಗನ ಮುಂದೆ ಬಿಕ್ಕಿ ಬಿಕ್ಕಿ ಅತ್ತು ಕ್ಷಮೆ ಕೇಳ್ತಾನೆ. ಅವನಾಡೋ ಭಾಷೆ ಹುಡುಗನಿಗೆ ಅರ್ಥವಾಗಲ್ಲ. ಅಲ್ಲೇ ಇಡೀ ಕಥೆಯ ಬೀಗದ ಕೈ ಇರೋದು. ಪ್ಯಾರಡಿಸ್ ಉಳಿಸೋಕೆ ಮಾತ್ರ ಇದನ್ನ ಮಾಡ್ತಿಲ್ಲ, ಗೋಡೆ ಆಚೆ ಮನುಷ್ಯರು ಇದ್ದಾರೆ ಅಂತ ಗೊತ್ತಾದಾಗ ನನಗೆ ನಿರಾಸೆ ಆಯ್ತು ಅಂತ ಬಾಯಿಬಿಟ್ಟು ಒಪ್ಪಿಕೊಳ್ತಾನೆ. ಆರ್ಮಿನ್ ಪುಸ್ತಕದಲ್ಲಿದ್ದ ಖಾಲಿ ಪ್ರಪಂಚ ಅವನಿಗೆ ಬೇಕಿತ್ತು. ಸಿಗಲಿಲ್ಲ. ಖಾಲಿ ಮಾಡಬೇಕು ಅನ್ನಿಸ್ತು.

ಅದಾದ ಮೇಲೆ ಬರೋ ಶಾಟ್ ನೋಡಿ. ಕೆಳಗೆ ಊರಿಗೆ ಊರೇ ತುಳಿತಕ್ಕೆ ಸಿಕ್ಕಿ ಪುಡಿಯಾಗ್ತಿದೆ, ಮೇಲೆ ಮೋಡಗಳ ಮೇಲೆ ಎರೆನ್ ನಿಂತಿದ್ದಾನೆ, ಆದ್ರೆ ಹತ್ತೊಂಬತ್ತರ ಮೈಯಲ್ಲಿ ಅಲ್ಲ, ಚಿಕ್ಕ ಹುಡುಗನ ಮೈಯಲ್ಲಿ. ಕೈ ಚಾಚಿ ಇದೇ ಸ್ವಾತಂತ್ರ್ಯ ಅಂತಾನೆ. ಇಸಾಯಾಮ ಇದಕ್ಕಿಂತ ಬಿಡಿಸಿ ಹೇಳೋಕೆ ಸಾಧ್ಯವೇ ಇರಲಿಲ್ಲ. ಹುಡುಗ ಬೆಳೆದೇ ಇಲ್ಲ. ಇಷ್ಟನ್ನ ತೋರಿಸಿದ ಮೇಲೆ ಕೊನೇಲಿ ಅವನು ಮಿಕಾಸ ಬೇರೆಯವರ ಜೊತೆ ಸುಖವಾಗಿರೋದು ನನಗೆ ಬೇಡ, ನಾನು ಸತ್ತ ಮೇಲೂ ಕನಿಷ್ಠ ಹತ್ತು ವರ್ಷ ನನ್ನನ್ನೇ ನೆನೀತಿರಬೇಕು ಅಂತ ಗೋಳಾಡಿದ್ರೆ ಪಾತ್ರ ಎಲ್ಲಿ ಕೆಟ್ಟಿತು? ಅದು ಅದೇ ಹುಡುಗ. ಮಾಂಗಾದಲ್ಲಿ ಆ ಪುಟ ಎಡವಿದ್ದು ನಿಜ, ಮುಖ ಬಿಡಿಸಿರೋ ರೀತಿಗೆ ನಗು ಬರುತ್ತೆ, ಮೀಮ್ ಆಗಿದ್ದೂ ಅದಕ್ಕೇ. ಅನಿಮೆಯಲ್ಲಿ ಎರೆನ್‌ಗೆ ದನಿ ಕೊಟ್ಟ ಯೂಕಿ ಕಾಜಿಯ ದನಿ ಒಡೆಯೋ ಜಾಗದಲ್ಲಿ ಆ ನಗು ಗಂಟಲಲ್ಲೇ ನಿಲ್ಲುತ್ತೆ.

ಆರ್ಮಿನ್ ಮಾತಿನ ವಿಷಯ ಬೇರೆ. ಮಾಂಗಾದಲ್ಲಿ ಆರ್ಮಿನ್, ನಮಗೋಸ್ಕರ ನೀನು ಹಂತಕನಾದೆ, ಥ್ಯಾಂಕ್ಸ್ ಅನ್ನೋ ಅರ್ಥದ ಮಾತು ಆಡ್ತಾನೆ. ಅದು ಕೆಟ್ಟ ಸಾಲು, ಸಮರ್ಥನೆ ಮಾಡೋಕೆ ನಾನು ಹೋಗಲ್ಲ. ಜನ ಕೋಪ ಮಾಡಿಕೊಂಡಿದ್ದು ಸರಿ. ಅನಿಮೆಗೆ ಇಸಾಯಾಮ ಈ ಸಂಭಾಷಣೆಯನ್ನ ತಿದ್ದಿ ಬರೆದುಕೊಟ್ಟ, ಆ ತಿದ್ದುಪಡಿಯೇ ಇಡೀ ಕೊನೆಯನ್ನ ಎತ್ತಿ ಹಿಡಿಯೋದು. ಇಬ್ಬರೂ ಮೊಣಕಾಲುದ್ದ ಕೆಂಪು ನೀರಲ್ಲಿ ನಿಂತಿದ್ದಾರೆ, ಸುತ್ತ ಸತ್ತವರ ಅವಶೇಷ. ಆರ್ಮಿನ್ ಬಗ್ಗಿ ಆ ನೀರಿಂದ ಒಂದು ಶಂಖ ಎತ್ತಿಕೊಳ್ತಾನೆ. ಮೂರು ವರ್ಷದ ಹಿಂದೆ ಸಮುದ್ರದ ದಡದಲ್ಲಿ ಎರೆನ್ ತಿರುಗಿಯೂ ನೋಡದಿದ್ದ ವಸ್ತು ಅದು. ಆ ಪುಸ್ತಕ ತೋರಿಸಿ ಹೊರಗಿನ ಪ್ರಪಂಚದ ಆಸೆ ಹುಟ್ಟಿಸಿದ್ದು ನಾನೇ ಅಂತ ಆರ್ಮಿನ್ ತನ್ನ ಪಾಲಿನ ಪಾಪ ಒಪ್ಪಿಕೊಳ್ತಾನೆ. ನರಕ ಅನ್ನೋದೊಂದಿದ್ರೆ ಅಲ್ಲಿ ಇಬ್ಬರೂ ಜೊತೆಗಿರ್ತೀವಿ ಅಂತಾನೆ. ಥ್ಯಾಂಕ್ಸ್ ಇದ್ದ ಜಾಗಕ್ಕೆ ಹೊಣೆ ಬಂತು. ಸ್ನೇಹ ಹಾಗೇ ಉಳೀತು, ಕ್ಷಮೆ ಮಾತ್ರ ಸಿಗಲಿಲ್ಲ. ಎರೆನ್ ಕೂಡ ಇಲ್ಲಿ ದೊಡ್ಡ ಕಾರಣ ಏನನ್ನೂ ಕೊಡಲ್ಲ, ಒಬ್ಬ ಸಾಮಾನ್ಯ ಮೂರ್ಖನ ಕೈಗೆ ಶಕ್ತಿ ಸಿಕ್ಕಿದ್ದಕ್ಕೆ ಹೀಗಾಯ್ತು ಅಂತ ತಾನೇ ಹೇಳಿಕೊಳ್ತಾನೆ. ಮಾಂಗಾ ಓದಿ ಸಿಟ್ಟಾಗಿ ಅನಿಮೆ ನೋಡದೇ ಬಿಟ್ಟವರು ಈ ಒಂದು ದೃಶ್ಯಕ್ಕಾದ್ರೂ ನೋಡಬೇಕು.

ಈ ಸಂಭಾಷಣೆಯನ್ನ ಎಲ್ಲಿ ಇಟ್ಟಿದ್ದಾರೆ ಅನ್ನೋದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ಎರೆನ್ ಗೆಳೆಯರ ಜೊತೆ ಒಬ್ಬೊಬ್ಬರಾಗಿ ಮಾತಾಡಿದ್ದು ಕೊನೇ ಕಾಳಗಕ್ಕೆ ಮುಂಚೆ. ಮಾತಾಡಿ ಅವರ ನೆನಪಿಂದ ಅಳಿಸಿಹಾಕಿದ. ಅವನು ಸತ್ತ ಮೇಲೆ ನೆನಪು ವಾಪಸ್ ಬರುತ್ತೆ, ನಮಗೂ ಆಗಲೇ ಗೊತ್ತಾಗೋದು. “ಕೊನೇ ಗಳಿಗೆಯಲ್ಲಿ ಫ್ಲ್ಯಾಶ್‌ಬ್ಯಾಕ್ ತುರುಕಿದ್ರು” ಅಂತ ದೂರು. ಸ್ವಲ್ಪ ತಿರುಗಿಸಿ ನೋಡಿ. ಈ ಮಾತುಕತೆ ಮೊದಲೇ ಬಂದಿದ್ರೆ ಮಿಕಾಸ ಎರೆನ್‌ನ ತಲೆ ಕಡಿಯೋದು ಅವನು ಬರೆದಿಟ್ಟ ನಾಟಕದ ಒಂದು ಅಂಕ ಆಗಿಬಿಡ್ತಿತ್ತು, ಅವಳು ಅವನು ಹೇಳಿದ್ದನ್ನ ಮಾಡಿದ ಹಾಗಾಗ್ತಿತ್ತು. ಈಗ ಹಾಗಿಲ್ಲ. ಇಬ್ಬರೂ ಎಲ್ಲ ಬಿಟ್ಟು ಗುಡಿಸಲಲ್ಲಿ ಬದುಕೋ ಕನಸೊಂದು ಮಿಕಾಸಗೆ ಬೀಳುತ್ತೆ, ಅದರಲ್ಲಿ ಎರೆನ್ ಕೇಳೋದು ಒಂದೇ, ನಾನು ಸತ್ತ ಮೇಲೆ ನಾನು ಕೊಟ್ಟ ಸ್ಕಾರ್ಫ್ ಎಸೆದುಬಿಡು, ನನ್ನನ್ನ ಮರೆತುಬಿಡು. ಮಿಕಾಸ ಆಗಲ್ಲ ಅಂತಾಳೆ. ಸ್ಕಾರ್ಫ್ ಸುತ್ತಿಕೊಂಡು ಎದ್ದು ನಿಲ್ತಾಳೆ. ಕ್ಯಾಪ್ಟನ್ ಲೀವೈ ಥಂಡರ್ ಸ್ಪಿಯರ್ ಅನ್ನೋ ಸಿಡಿಯೋ ಈಟಿಯಿಂದ ಟೈಟನ್ ಹಲ್ಲು ಒಡೆದು ದಾರಿ ಮಾಡಿಕೊಡ್ತಾನೆ, ಅವಳು ಬಾಯೊಳಗೆ ನುಗ್ಗಿ ಕಡೀತಾಳೆ. ಅವನ ಮಾತು ಮೀರಿ ಅವನನ್ನ ನೆನಪಲ್ಲಿ ಇಟ್ಟುಕೊಂಡೇ ಅವನನ್ನ ಕೊಲ್ತಾಳೆ. ಎರಡೂ ಅವಳದ್ದೇ ತೀರ್ಮಾನ. ಮೊದಲ ಎಪಿಸೋಡ್‌ನಿಂದ ಎರೆನ್ ಹಿಂದೆ ಹಿಂದೆ ಓಡಾಡ್ತಿದ್ದ ಪಾತ್ರಕ್ಕೆ ಇದಕ್ಕಿಂತ ಒಳ್ಳೇ ಕೊನೆ ನನಗಂತೂ ಹೊಳೀತಿಲ್ಲ.

ಈಗ ಯಮಿರ್. ಇಲ್ಲಿ ನಾನು ಅರ್ಧ ಮಾತ್ರ ಇಸಾಯಾಮನ ಪರ. ಎರಡು ಸಾವಿರ ವರ್ಷ ರಾಜ ಫ್ರಿಟ್ಜ್‌ನ ವಂಶದ ಮಾತು ಕೇಳುತ್ತಾ ಇದ್ದ ಗುಲಾಮ ಹುಡುಗಿ, ಅವನ ಮೇಲಿನ ಪ್ರೀತಿಯಿಂದ ಬಿಡಿಸಿಕೊಳ್ಳೋಕೆ ಆಗದೆ ಮಿಕಾಸಗೋಸ್ಕರ ಕಾಯ್ತಿದ್ಲು ಅನ್ನೋ ಮಾತು ಕೊನೇಲಿ ಎರೆನ್ ಬಾಯಲ್ಲಿ ಬರುತ್ತೆ. ಇದಕ್ಕೆ ಆಧಾರ ಇಲ್ಲ ಅನ್ನೋಹಾಗಿಲ್ಲ. 80ನೇ ಎಪಿಸೋಡ್‌ನಲ್ಲಿ ರಾಜನ ಕಡೆ ಈಟಿ ಹಾರಿಬಂದಾಗ ಅಡ್ಡ ಬೀಳೋದು ಅವಳೇ. ಅವಳು ಗುಣವಾಗಬಲ್ಲಳು, ಆದ್ರೆ ಬಿದ್ದವಳ ಮುಂದೆ ನಿಂತ ರಾಜ ಎದ್ದು ಕೆಲಸಕ್ಕೆ ಹೋಗು ಅಂತಾನೆ, ಅವಳು ಏಳೋದೇ ಇಲ್ಲ. ಅವಳ ಹೆಣವನ್ನ ಮೂರು ಹೆಣ್ಣುಮಕ್ಕಳಿಗೆ ತಿನ್ನಿಸ್ತಾನೆ. ಮರಿಯಾ, ರೋಸ್, ಶೀನಾ, ಗೋಡೆಗಳ ಹೆಸರು ಬಂದಿದ್ದು ಆ ಮಕ್ಕಳಿಂದ. ಹೊಡೆಯೋ ಕೈಯನ್ನೇ ಹಿಡಿದುಕೊಂಡಿರೋ ಮನಸ್ಸು ಅದು, ಅದನ್ನ ನಂಬೋಕೆ ಕಷ್ಟವಿಲ್ಲ. ಕಷ್ಟ ಇರೋದು ಮಿಕಾಸ ಜೊತೆಗಿನ ಕೊಂಡಿಯಲ್ಲಿ. ಕಥೆಯಲ್ಲಿ ಆಗಾಗ ಬರೋ ಮಿಕಾಸ ತಲೆನೋವಿಗೂ ಯಮಿರ್‌ಗೂ ಸಂಬಂಧ ಇದೆ ಅನ್ನೋದನ್ನ ಕೊನೇ ಪುಟಗಳವರೆಗೂ ಮುಚ್ಚಿಟ್ಟಿದ್ದು ಬರವಣಿಗೆಯ ತಪ್ಪು. ಮಧ್ಯದಲ್ಲಿ ಎರಡೇ ಎರಡು ಕಡೆ ಯಮಿರ್ ಮಿಕಾಸಳನ್ನ ನೋಡ್ತಾ ನಿಂತಿರೋದನ್ನ ತೋರಿಸಿದ್ದಿದ್ರೂ ಸಾಕಾಗ್ತಿತ್ತು.

ಇನ್ನೊಂದು ನ್ಯಾಯವಾದ ದೂರು: ಎರೆನ್‌ನ ತಡೆಯೋ ಕಡೆಯವರಾದ ಜಾನ್, ಕಾನಿ, ಗ್ಯಾಬಿ ಎಲ್ಲರೂ ಟೈಟನ್ ಆಗಿಬಿಟ್ರು ಅಂತ ಎದೆ ಒಡೆಸಿ, ಸ್ವಲ್ಪ ಹೊತ್ತಲ್ಲೇ ಮತ್ತೆ ಮನುಷ್ಯರನ್ನಾಗಿ ಮಾಡಿಬಿಡ್ತಾರೆ. ಅದಕ್ಕೂ ಮುಂಚೆ ಕಮಾಂಡರ್ ಹಾಂಜಿಗೆ ಸಿಕ್ಕ ಸಾವಿನ ತೂಕ ಇದರ ಪಕ್ಕದಲ್ಲಿ ಕಮ್ಮಿಯಾಗುತ್ತೆ. ಮತ್ತೆ ಮೂರು ವರ್ಷದ ನಂತರದ ಹಡಗಿನ ದೃಶ್ಯದಲ್ಲಿ ರೈನರ್ ಹಿಸ್ಟೋರಿಯಾ ಬರೆದ ಕಾಗದ ಮೂಸೋದು. ಯಾಕಪ್ಪಾ?

ಎಲ್ಲಕ್ಕಿಂತ ದೊಡ್ಡ ದೂರು, ಎಲ್ಲ ವ್ಯರ್ಥವಾಯ್ತು ಅನ್ನೋದು. ಲೆಕ್ಕ ಹೀಗಿದೆ. ಗೋಡೆ ಆಚೆಯ ಮನುಷ್ಯಕುಲದ ಶೇಕಡಾ 80ರಷ್ಟು ಸತ್ತುಹೋಯ್ತು. ತಕ್ಷಣ ಸೇಡು ತೀರಿಸಿಕೊಳ್ಳೋ ಶಕ್ತಿ ಮಿಕ್ಕವರಿಗಿಲ್ಲ. ತಡೆದ ಗೆಳೆಯರು ವೀರರಾದ್ರು. ಪ್ಯಾರಡಿಸ್‌ನಲ್ಲಿ ಎರೆನ್ ಬೆಂಬಲಿಗರಾದ ಯೇಗರಿಸ್ಟರು ಸೈನ್ಯ ಕಟ್ಟಿ ಹೋರಾಡು ಹೋರಾಡು ಅಂತ ಕೂಗ್ತಾ ಇದ್ದಾರೆ. ಮಾಂಗಾದ 34ನೇ ಸಂಪುಟಕ್ಕೆ ಆಮೇಲೆ ಸೇರಿಸಿದ ಪುಟಗಳಲ್ಲಿ, ಅನಿಮೆಯಲ್ಲಿ ಕ್ರೆಡಿಟ್ಸ್ ಓಡುವಾಗ, ಮಿಕಾಸ ಮುದುಕಿಯಾಗಿ ಸಾಯ್ತಾಳೆ, ಸ್ಕಾರ್ಫ್ ಸಮೇತ ಮಣ್ಣಾಗ್ತಾಳೆ. ಎರೆನ್ ಸಮಾಧಿ ಇರೋ ಮರದ ಆಚೆ ಊರು ಬೆಳೆದು ಗಗನಚುಂಬಿ ಕಟ್ಟಡಗಳು ಏಳ್ತವೆ, ಒಂದು ದಿನ ಬಾಂಬ್ ಬಿದ್ದು ಎಲ್ಲ ಬೂದಿಯಾಗುತ್ತೆ.

ಇದನ್ನ ತೆಗೆದುಹಾಕಿ, ಪ್ಯಾರಡಿಸ್ ಶಾಶ್ವತವಾಗಿ ಸುಖವಾಗಿತ್ತು ಅಂತ ಮುಗಿಸಿ ನೋಡಿ. ಆಗ ಕಥೆ ಹೇಳಿದ ಹಾಗಾಗೋದು ಏನು? ನರಮೇಧ ಮಾಡಿದ್ರೆ ಕೆಲಸ ಆಗುತ್ತೆ, ಸ್ವಲ್ಪ ಬೇಜಾರಾಗುತ್ತೆ ಅಷ್ಟೇ ಅಂತ. ಎರೆನ್ ಗೆದ್ದು ಪ್ರಪಂಚ ಪೂರ್ತಿ ಅಳಿಯಬೇಕಿತ್ತು ಅನ್ನೋ ಗುಂಪು ಕೇಳ್ತಿರೋದೂ ಅದನ್ನೇ. ಹಾಗಂತ ಎರೆನ್ ಕೈಗೆ ಸೊನ್ನೆ ಸಿಕ್ಕಿತು ಅಂತಲೂ ಅಲ್ಲ. ಅವನಿಗೆ ಬೇಕಾಗಿದ್ದ ಬೆರಳೆಣಿಕೆಯ ಜನ ತುಂಬು ಆಯಸ್ಸು ಬದುಕಿದ್ರು. ಟೈಟನ್ ಶಕ್ತಿ ಹೊತ್ತವರು ಹದಿಮೂರು ವರ್ಷಕ್ಕೆ ಸಾಯೋ ಶಾಪ ಇಲ್ಲದೆ ಆರ್ಮಿನ್ ಉಳಿದ. ಒಂದು ತಲೆಮಾರಿಗೆ ಬೇಕಾದಷ್ಟು ನೆಮ್ಮದಿ, ಅದಕ್ಕೆ ಕೊಟ್ಟ ಬೆಲೆ ಶೇಕಡಾ 80. ಬೆಲೆ ಚೀಟಿಯನ್ನ ನಮ್ಮ ಮುಖಕ್ಕೆ ಹಿಡೀತಾರೆ, ಸರಿ ಅನ್ಸುತ್ತಾ ಅಂತ ನಾವೇ ಹೇಳಬೇಕು.

ಇದೆಲ್ಲ ಕೊನೇಲಿ ಹೊಳೆದದ್ದಲ್ಲ ಅನ್ನೋದಕ್ಕೆ ಸಾಕ್ಷಿ 2009ರ ಮೊದಲ ಅಧ್ಯಾಯದಲ್ಲೇ ಇದೆ. ಅದರ ಹೆಸರು ‘ಎರಡು ಸಾವಿರ ವರ್ಷದ ನಂತರದ ನಿನಗೆ’. 122ನೇ ಅಧ್ಯಾಯದ ಹೆಸರು ‘ಎರಡು ಸಾವಿರ ವರ್ಷದ ಹಿಂದಿನ ನಿನ್ನಿಂದ’. ಮೊದಲ ಅಧ್ಯಾಯದಲ್ಲಿ ಗಿಡ್ಡ ಕೂದಲಿನ ಮಿಕಾಸ ಎರೆನ್‌ನನ್ನ ಹೋಗಿ ಬಾ ಅಂತ ಕಳಿಸೋ ಒಂದು ಚೌಕ ಇದೆ, 138ನೇ ಅಧ್ಯಾಯದಲ್ಲಿ ಅವನನ್ನ ಕೊಲ್ಲೋ ಮುಂಚೆ ಅವಳು ಆಡೋದು ಅದೇ ಮಾತು. ಅದೇ ಮೊದಲ ಅಧ್ಯಾಯದಲ್ಲಿ ಮರದ ಕೆಳಗೆ ಅಳ್ತಾ ಎದ್ದ ಹುಡುಗ ಎರೆನ್ ಮಿಕಾಸನ್ನ ನಿನ್ನ ಕೂದಲು ಉದ್ದ ಆಗಿದೆಯಾ ಅಂತ ಕೇಳೋದು ಸುಮ್ಮನೆ ಅಲ್ಲ. ವಿವರ ದಾರಿಯಲ್ಲಿ ಬದಲಾಗಿರಬಹುದು, ಹೊರಟಿದ್ದು ಮಾತ್ರ ಈ ಕಡೆಗೇ.

ಮತ್ತೆ ನೋಡೋ ಮನಸ್ಸಿದ್ರೆ ಎಲ್ಲ ನೋಡಬೇಕಿಲ್ಲ. ಮೊದಲ ಸೀಸನ್‌ನ 1, ಮೂರನೇ ಸೀಸನ್‌ನ ಕೊನೇದು, ಅಂದ್ರೆ 59, ಫೈನಲ್ ಸೀಸನ್‌ನ 20 ಮತ್ತು 21, ಅಂದ್ರೆ ಒಟ್ಟು ಲೆಕ್ಕದಲ್ಲಿ 79, 80. ಇವಕ್ಕೆ ಒಂದೂವರೆ ಗಂಟೆ ಸಾಕು. 79ರಲ್ಲಿ ಎರೆನ್, ಜೀಕ್ ಇಬ್ಬರಿಗೂ ಅಪ್ಪ ಆದ ಗ್ರೀಷಾ ಮುಖ ನೋಡಿ, ಮಗ ಮಾಡಲಿರೋದನ್ನ ಕಂಡು ಜೀಕ್‌ನ ತಬ್ಬಿ ಎರೆನ್‌ನ ತಡಿ ಅಂತ ಬೇಡಿಕೊಳ್ತಾನೆ. ಆಮೇಲೆ ಎರಡು ಸ್ಪೆಷಲ್. 80 ಬಿಟ್ಟು ನೇರ ಸ್ಪೆಷಲ್‌ಗೆ ಹಾರಿದ್ರೆ ಯಮಿರ್ ಕೊನೇಲಿ ಯಾಕೆ ನಕ್ಕಳು ಅನ್ನೋದು ಖಂಡಿತ ತಲೆಗೆ ಹತ್ತಲ್ಲ. ಮತ್ತೆ ಎರಡನೇ ಸ್ಪೆಷಲ್‌ನಲ್ಲಿ ಹೆಸರುಗಳು ಬರೋಕೆ ಶುರುವಾದ ತಕ್ಷಣ ಕೆಲವು ಆ್ಯಪ್‌ಗಳು ಚಿತ್ರವನ್ನ ಮೂಲೆಗೆ ಚಿಕ್ಕದು ಮಾಡಿ ಬೇರೇನೋ ನೋಡಿ ಅಂತ ತೋರಿಸ್ತವೆ. ಆಟೋಪ್ಲೇ ಮೊದಲೇ ಆಫ್ ಮಾಡಿಟ್ಟುಕೊಳ್ಳಿ. ಊರು ಸುಡೋದೂ, ಆಮೇಲೆ ಒಬ್ಬ ಹುಡುಗ ನಾಯಿ ಜೊತೆ ಆ ಮರದ ಹತ್ರ ಬರೋದೂ ಅಲ್ಲೇ ಇರೋದು, ಅದನ್ನ ನೋಡದೇ ವಾದಕ್ಕೆ ಬರಬೇಡಿ.